ಮಳೆ ಜೋರಿರುವ ಕಡೆ ಮನೆಯಂಗಳದ ಹಳೆಯ ಮರಗಳು: ಬುಡದಿಂದ ನೆತ್ತಿಯವರೆಗೆ ಆರೈಕೆ

ಬಿರುಗಾಳಿಗೆ ಜಗ್ಗದೆ ನಿಂತ ದೊಡ್ಡ ಮರ ನಾಲ್ಕೈದು ದಿನದ ಜಡಿಮಳೆಯ ನಂತರ ಬೀಸಿದ ಸಾಧಾರಣ ಗಾಳಿಗೆ ಬೇರುಸಮೇತ ಮಗುಚಿಕೊಳ್ಳುವುದುಂಟು. ಕಾರಣ ಬಹುಮಟ್ಟಿಗೆ ನೆಲದಲ್ಲೇ ಇರುತ್ತದೆ. ಪೂರ್ತಿ ನೆನೆದ ಮಣ್ಣಿಗೆ ಬೇರನ್ನು ಬಿಗಿಯಾಗಿ ಹಿಡಿಯುವ ಶಕ್ತಿ ಉಳಿದಿರುವುದಿಲ್ಲ. ಒದ್ದೆಯಾದ ಎಲೆ ಕೊಂಬೆಗಳ ಭಾರ ಮೇಲಿನಿಂದ ಜಗ್ಗುತ್ತದೆ. ಹಿಂದಿನ ಮಳೆಗಾಲಗಳಲ್ಲಿ ನೀರು ನಿಂತು ಒಂದಿಷ್ಟು ಬೇರು ಆಗಲೇ ಕೊಳೆತಿದ್ದರೆ ಉಳಿದ ಕೆಲಸಕ್ಕೆ ಗಾಳಿ ಸಾಕು. ಹೀಗಿದ್ದರೂ ಮರದ ಆರೈಕೆ ಎಂದೊಡನೆ ನಮ್ಮ ಕೈ ಮೊದಲು ಗರಗಸಕ್ಕೇ ಹೋಗುತ್ತದೆ. ಇಲ್ಲಿ ಗರಗಸದ ಮಾತು ಕೊನೆಗೆ ಬರುತ್ತದೆ.

ಕೆಲಸಕ್ಕೆ ಒಂದು ಕಾಲ ಇದೆ. ಮಳೆ ಹಿಡಿಯುವುದಕ್ಕೆ ಆರರಿಂದ ಎಂಟು ವಾರ ಮೊದಲು ಬುಡ ಬಿಡಿಸುವುದು, ನೀರಿನ ದಾರಿ ಸರಿಪಡಿಸುವುದು, ಕತ್ತರಿಸುವುದು. ಮಳೆಯ ನಡುವೆ ಕಣ್ಣಿಡುವುದಷ್ಟೇ. ಮಳೆ ಇಳಿದ ಮೇಲೆ ಹೊದಿಕೆ ಮತ್ತು ಗೊಬ್ಬರ.

ಮೊದಲು ಒಂದು ಹಗ್ಗ

ಎದೆಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು 1.4 ಮೀಟರ್ ಎತ್ತರದಲ್ಲಿ, ಕಾಂಡದ ಸುತ್ತ ಹಗ್ಗವನ್ನು ಒಂದೇ ಸುತ್ತು ಹಾಕಿ ಆ ಉದ್ದಕ್ಕೆ ಗುರುತು ಮಾಡಿ. ಇದೇ ನಿಮ್ಮ ಅಳತೆಗೋಲು. ಕಾಂಡದಿಂದ ಒಂದು ಹಗ್ಗದ ದೂರದೊಳಗೆ ಹಾರೆ ಗುದ್ದಲಿ ಹಾಕಲೇಬಾರದು. ಮರವನ್ನು ಎತ್ತಿ ಹಿಡಿದ ದಪ್ಪ ಬೇರುಗಳು ಅಲ್ಲಿರುತ್ತವೆ. ನಾಲ್ಕು ಹಗ್ಗದ ದೂರದವರೆಗಿನ ವೃತ್ತವನ್ನು ಮರದ ಸೊತ್ತು ಎಂದೇ ಎಣಿಸಬೇಕು. ವೃಕ್ಷತಜ್ಞರು ಬಳಸುವ "ಕಾಂಡದ ವ್ಯಾಸದ ಹನ್ನೆರಡು ಪಟ್ಟು" ಎಂಬ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ: ಸುತ್ತಳತೆ 190 ಸೆಂ.ಮೀ. ಇದ್ದರೆ ವ್ಯಾಸ ಸುಮಾರು 60 ಸೆಂ.ಮೀ., ಕಾಪಾಡಬೇಕಾದ ವೃತ್ತದ ತ್ರಿಜ್ಯ ಏಳು ಮೀಟರಿಗಿಂತ ತುಸು ಹೆಚ್ಚು.

ಬೇರುಗಳು ಇದಕ್ಕೂ ಆಚೆ ಹೋಗಿರುತ್ತವೆ, ಹಂದರದ (ಎಲೆ ಕೊಂಬೆಗಳ ಹರವಿನ) ಅಂಚನ್ನು ದಾಟಿ. ಆದರೆ ಆಳಕ್ಕಲ್ಲ. ನೀರು, ಪೋಷಕಾಂಶ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ 30ರಿಂದ 45 ಸೆಂ.ಮೀ. ಮಣ್ಣಿನಲ್ಲೇ ಇರುತ್ತವೆ. ಮರ ಎಷ್ಟು ಎತ್ತರವಿದೆಯೋ ಬೇರು ಅಷ್ಟೇ ಆಳವಿದೆ ಎಂಬ ನಂಬಿಕೆಯಿಂದ ಆದ ಹಾನಿ ಕಡಿಮೆಯಲ್ಲ. ಪೈಪು ಹಾಕಲು ತೆಗೆದ ಅರ್ಧ ಮೀಟರ್ ಆಳದ ಕಾಲುವೆ ಒಂದು ಬದಿಯ ಆಸರೆಯನ್ನೇ ಕತ್ತರಿಸಿಬಿಡಬಲ್ಲದು. ಮರ ಅಂದೇ ಬೀಳುವುದಿಲ್ಲ. ಕೆಲವು ವರ್ಷ ತಡೆದು ಬೀಳುತ್ತದೆ, ಆಗ ಕಾಲುವೆಯ ನೆನಪು ಯಾರಿಗೂ ಇರುವುದಿಲ್ಲ.

ಬುಡ ಬಿಡಿಸುವುದು

ಆರೋಗ್ಯವಂತ ಮರದ ಕಾಂಡ ನೆಲ ಮುಟ್ಟುವಲ್ಲಿ ಆನೆಯ ಪಾದದಂತೆ ಅಗಲವಾಗಿ ಹರಡಿಕೊಂಡಿರುತ್ತದೆ. ನಿಮ್ಮ ಮರ ಕಂಬ ನೆಟ್ಟ ಹಾಗೆ ನೇರವಾಗಿ ಮಣ್ಣಿಗಿಳಿದಿದ್ದರೆ ಆ ಹರವು ಹೂತುಹೋಗಿದೆ ಎಂದರ್ಥ. ಮನೆ ಕಟ್ಟುವಾಗ ಏರಿಸಿದ ಮಣ್ಣು, ವರ್ಷವರ್ಷ ಗುಡ್ಡೆ ಹಾಕಿದ ತರಗೆಲೆ, ಬುಡಕ್ಕೆ ಕಟ್ಟಿದ ಕಟ್ಟೆಯೊಳಗೆ ತುಂಬಿದ ಮಣ್ಣು, ಹೀಗೆ ಕಾರಣ ಯಾವುದೂ ಆಗಬಹುದು. ಬೇರಿನ ತೊಗಟೆ ತೇವ ತಾಳುತ್ತದೆ, ಕಾಂಡದ ತೊಗಟೆ ತಾಳುವುದಿಲ್ಲ. ತಿಂಗಳುಗಟ್ಟಲೆ ಒದ್ದೆ ಮಣ್ಣಿನೊಳಗಿದ್ದ ಕಾಂಡದ ತೊಗಟೆ ಮೆತ್ತಗಾಗಿ, ಅಲ್ಲಿಂದ ಶಿಲೀಂಧ್ರ ಒಳಸೇರುತ್ತದೆ.

ಬಿಡಿಸಲು ಕರಣೆ ಮತ್ತು ಗಟ್ಟಿ ಕುಂಚ ಸಾಕು. ಕಾಂಡದ ಪಕ್ಕದಿಂದ ಶುರುಮಾಡಿ ಹೊರಗೆ ಸಾಗುತ್ತ, ಮೊದಲ ಮುಖ್ಯ ಬೇರುಗಳ ಬೆನ್ನು ಕಾಣುವವರೆಗೆ ಮಣ್ಣು ತೆಗೆಯಿರಿ. ಹಾರೆ ಬೇಡ. ಒಂದು ಏಟಿಗೆ ಎದ್ದ ತೊಗಟೆ ಮಳೆಗಾಲದಲ್ಲಿ ಮಾಯುವುದು ನಿಧಾನ. ಕಾಂಡವನ್ನು ಸುತ್ತಿಕೊಂಡು ಬೆಳೆದ ಬೇರು ಸಿಕ್ಕರೆ, ಬೆರಳಿಗಿಂತ ಸಣ್ಣದಾದರೆ ಕತ್ತರಿಸಿ ತೆಗೆಯಿರಿ. ಕಾಂಡದೊಳಕ್ಕೆ ಒತ್ತಿಕೊಂಡು ಕೂತ ದಪ್ಪ ಬೇರಾದರೆ ಮುಟ್ಟಬೇಡಿ. ಅದೇ ಈಗ ಮರವನ್ನು ಹಿಡಿದಿರಬಹುದು, ಅನುಭವಿಗೆ ತೋರಿಸಿ.

ಇಲ್ಲೊಂದು ತಪ್ಪು ಎಲ್ಲರೂ ಮಾಡುತ್ತಾರೆ. ಬುಡ ಬಿಡಿಸಿದ ಮೇಲೆ ಅಲ್ಲೊಂದು ಬಟ್ಟಲು ಉಳಿಯುತ್ತದೆ, ಮೊದಲ ಮಳೆಗೇ ಅದು ಕೊಳವಾಗುತ್ತದೆ. ಬಟ್ಟಲಿನ ಅಂಚನ್ನು ಹೊರಗಿಳಿಜಾರಾಗಿ ಸವರಿ, ತಗ್ಗಿನ ಬದಿಯಲ್ಲಿ ನೀರು ಹರಿಯಲು ಅಂಗೈಯಗಲದ ದಾರಿ ಮಾಡಿಕೊಡದಿದ್ದರೆ ಮೊದಲಿದ್ದ ಸ್ಥಿತಿಯೇ ವಾಸಿ.

ನೀರು ಎಲ್ಲಿ ನಿಲ್ಲುತ್ತದೆ

ಬೇರಿಗೆ ಗಾಳಿ ಬೇಕು. ನೀರಿನ ಮೂಲಕ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿರುವುದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಹಾಗಾಗಿ ಮಣ್ಣಿನ ಸಂದುಗಳು ನೀರಿನಿಂದ ತುಂಬಿದರೆ ಬೇರು ಉಸಿರುಗಟ್ಟುತ್ತದೆ. ಅದೇ ಹೊತ್ತಿಗೆ ಫೈಟಾಫ್ತೊರಾದಂಥ ರೋಗಾಣುಗಳ ಬೀಜಕಣಗಳು ಆ ನೀರಿನಲ್ಲಿ ಈಜಿಕೊಂಡೇ ಬೇರನ್ನು ತಲುಪುತ್ತವೆ. ಸುತ್ತ ನೀರಿದ್ದೂ ಎಲೆ ಬಾಡಿ ಹಳದಿಯಾಗುವುದು ಇದಕ್ಕೇ. ಬಾಡಿದೆ ಎಂದು ಮಳೆ ಬಿಟ್ಟ ದಿನ ಮತ್ತೆ ನೀರು ಹಾಕಿದರೆ ಕೆಟ್ಟಿತು.

ಮಣ್ಣು ನೀರು ಬಿಡುತ್ತದೆಯೋ ಇಲ್ಲವೋ ನೋಡಲು ಹಂದರದ ಅಂಚಿನಲ್ಲಿ, ದಪ್ಪ ಬೇರಿಲ್ಲದ ಕಡೆ 30 ಸೆಂ.ಮೀ. ಅಗಲ, ಅಷ್ಟೇ ಆಳದ ಗುಂಡಿ ತೆಗೆಯಿರಿ. ಒಮ್ಮೆ ನೀರು ತುಂಬಿ ಇಂಗಲು ಬಿಡಿ. ಎರಡನೆಯ ಸಲ ತುಂಬಿ ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ಎಂದು ಕೋಲಿನಿಂದ ಅಳೆಯಿರಿ. 2.5 ಸೆಂ.ಮೀ. ಅಥವಾ ಹೆಚ್ಚು ಇಳಿದರೆ ಚಿಂತೆಯಿಲ್ಲ. ಒಂದು ಸೆಂ.ಮೀ. ಕೂಡ ಇಳಿಯದಿದ್ದರೆ ಮಳೆಗಾಲದುದ್ದಕ್ಕೂ ಬೇರು ನೀರಿನಲ್ಲೇ ಇರುತ್ತದೆ. ಗುಂಡಿಯ ಮಣ್ಣು ಬೂದುನೀಲಿ ಬಣ್ಣಕ್ಕೆ ತಿರುಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಅಳೆಯುವ ಅಗತ್ಯವೇ ಇಲ್ಲ.

ಪರಿಹಾರ ಹುಡುಕುವ ಮೊದಲು ತಲೆಯೆತ್ತಿ ಚಾವಣಿ ನೋಡಿ. ನೂರು ಚದರ ಮೀಟರ್ ಚಾವಣಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಐದು ಸಾವಿರ ಲೀಟರ್ ನೀರು ಕೆಳಗಿಳಿಯುತ್ತದೆ. ಆ ಕೊಳವೆಯ ಬಾಯಿ ಮರದ ಬುಡಕ್ಕೇ ತೆರೆದಿದ್ದರೆ ಬೇರೆ ಯಾವ ಉಪಾಯವೂ ನಡೆಯದು. ಅದನ್ನು ನಾಲ್ಕು ಹಗ್ಗದ ವೃತ್ತದಾಚೆಗೆ ತಿರುಗಿಸಿ. ಅರ್ಧಕ್ಕರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ ಎಂದರೆ ಅತಿಶಯವಲ್ಲ.

ನಂತರ ಮೇಲ್ಮೈ ಇಳಿಜಾರು. ಮೀಟರಿಗೆ ಒಂದೆರಡು ಸೆಂ.ಮೀ. ಇಳಿಜಾರು ಸಿಕ್ಕರೂ ನೀರು ಹರಿಯುತ್ತದೆ. ವೃತ್ತದ ಹೊರಗೆ 10-15 ಸೆಂ.ಮೀ. ಆಳದ, ಅಗಲ ಬಾಯಿಯ ತೋಡು ಮಾಡಿ ಅದಕ್ಕೆ ಕೂಡಿಸಿ. ವೃತ್ತದೊಳಗೇ ಕೊಳವೆ ಹಾಯಲೇಬೇಕಾದ ಸಂದರ್ಭದಲ್ಲಿ ಯಂತ್ರ ತರಬೇಡಿ, ಕೈಯಲ್ಲೇ ಅಗೆಸಿ. 2.5 ಸೆಂ.ಮೀ.ಗಿಂತ ದಪ್ಪದ ಬೇರು ಸಿಕ್ಕಾಗ ಅದರಡಿಯಲ್ಲಿ ಕೊಳವೆ ನುಸುಳಿಸಿ. ಜೇಡಿಮಣ್ಣಿಗೆ ಒಂದೆರಡು ಬುಟ್ಟಿ ಮರಳು ಕಲಸುವುದರಿಂದ ಏನೂ ಆಗದು, ಗಾರೆಯಂಥ ಗಟ್ಟಿ ಮುದ್ದೆ ಸಿಗಬಹುದು ಅಷ್ಟೇ. ತಗ್ಗು ತುಂಬಿಸಲೆಂದು ಬೇರಿನ ಮೇಲೆ ಗೇಣೆತ್ತರ ಮಣ್ಣು ಹೇರುವುದು ಇನ್ನೂ ಕೆಟ್ಟದ್ದು.

ಗಟ್ಟಿಯಾದ ನೆಲ, ಹೊದಿಕೆ, ಗೊಬ್ಬರ

ಒದ್ದೆ ಮಣ್ಣಿನ ಮೇಲೆ ಕಾರು ಒಂದೆರಡು ಸಲ ಹತ್ತಿಳಿದರೂ ಸಾಕು, ಒಳಗಿನ ಸಂದುಗಳು ಮುಚ್ಚಿಹೋಗುತ್ತವೆ. ಒಣಗಿದಾಗ ಅಷ್ಟು ಹಾನಿಯಿಲ್ಲದ ಓಡಾಟ ನೆನೆದಾಗ ಹಾನಿಕರ. ಮಳೆಗಾಲದಲ್ಲಿ ಮರದ ವೃತ್ತಕ್ಕೆ ಹಗ್ಗ ಕಟ್ಟಿ ವಾಹನ ತಡೆಯುವುದೇ ಅಗ್ಗದ ಉಪಾಯ.

ನೆಲ ಈಗಾಗಲೇ ಗಟ್ಟಿಯಾಗಿದ್ದರೆ, ಮಳೆ ಮುಗಿದು ಮಣ್ಣು ಹದವಾಗಿರುವಾಗ, ಒಂದು ಹಗ್ಗದ ದೂರ ಬಿಟ್ಟು ಆಚೆಗೆ 60 ಸೆಂ.ಮೀ. ಅಂತರದಲ್ಲಿ 5 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ತೂತುಗಳನ್ನು ಕೈಬೈರಿಗೆಯಿಂದ ಕೊರೆದು ಕಾಂಪೋಸ್ಟ್ ತುಂಬಿ. ಬೇರು ತಾಗಿದರೆ ಜಾಗ ಬದಲಿಸಿ. ಮೇಲಿನ ಪದರ ಮಾತ್ರ ಗಟ್ಟಿಯಾದ ಕಡೆ ಇದು ಕೆಲಸ ಮಾಡುತ್ತದೆ. ಕೆಳಗೂ ಜೇಡಿಯೇ ಇದ್ದರೆ ಈ ತೂತುಗಳೆಲ್ಲ ನೀರು ತುಂಬಿದ ಲೋಟಗಳಾಗುತ್ತವೆ. ಹಾಗಾಗಿ ಗುಂಡಿಯ ಪರೀಕ್ಷೆ ಮಾಡದೆ ಇದಕ್ಕೆ ಕೈಹಾಕಬೇಡಿ.

ಮರದ ಚೂರು, ತರಗೆಲೆಗಳ ಹೊದಿಕೆ ಹೊಡೆತದ ಮಳೆಯಿಂದ ಮಣ್ಣನ್ನು ಕಾಯುತ್ತದೆ. ದಪ್ಪ 5ರಿಂದ 8 ಸೆಂ.ಮೀ. ಸಾಕು. ಹತ್ತು ದಾಟಿದರೆ ಕೆಳಪದರ ಒಣಗುವುದೇ ಇಲ್ಲ, ಬೇರುಗಳು ಗಾಳಿ ಹುಡುಕುತ್ತ ಹೊದಿಕೆಯೊಳಕ್ಕೇ ಹತ್ತುತ್ತವೆ. ಕಾಂಡದಿಂದ ಒಂದು ಗೇಣು ಜಾಗ ಸುತ್ತಲೂ ಖಾಲಿ ಇರಲಿ. ಪ್ಲಾಸ್ಟಿಕ್ ಹಾಳೆ ಬೇಡವೇ ಬೇಡ.

ಗೊಬ್ಬರದ ವಿಷಯ ಚಿಕ್ಕದು. ಬಲಿತ ಮರಕ್ಕೆ ಹೆಚ್ಚು ಬೇಕಿಲ್ಲ. ಮಳೆಗೆ ಮುಂಚೆ ಹಾಕಿದ ಸಾರಜನಕದಲ್ಲಿ ಬಹಳಷ್ಟು ಕೊಚ್ಚಿಹೋಗುತ್ತದೆ, ಉಳಿದದ್ದು ಮೆದು ಚಿಗುರನ್ನು ಹೊಮ್ಮಿಸಿ ಗಾಳಿಮಳೆಯ ಹೊತ್ತಿಗೇ ನೆತ್ತಿಯ ಭಾರ ಹೆಚ್ಚಿಸುತ್ತದೆ. ಮಳೆ ಇಳಿದ ಮೇಲೆ ಹಂದರದಡಿ 2-3 ಸೆಂ.ಮೀ. ಕಳಿತ ಕಾಂಪೋಸ್ಟ್ ಹರಡಿ ಅದರ ಮೇಲೆ ಹೊದಿಕೆ ಹಾಕಿ. ಹಳೆಯ ಎಲೆಗಳು ಒಂದೇ ಸಮ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣ ಸಿಗುತ್ತಿಲ್ಲ. ನೀರು ನಿಂತ ನೆಲದಲ್ಲೂ ಹೀಗಾಗುತ್ತದೆ, ಆದ್ದರಿಂದ ಔಷಧಿ ತರುವ ಮುನ್ನ ಗುಂಡಿ ತೆಗೆದು ನೋಡಿ.

ಕಾಂಡದ ತಪಾಸಣೆ

ಮರದ ಕೊಡತಿಯಿಂದ ಕಾಂಡವನ್ನು ಬುಡದಿಂದ ಕೈಗೆಟುಕುವವರೆಗೆ ಸುತ್ತಲೂ ತಟ್ಟುತ್ತ ಬನ್ನಿ. ಗಟ್ಟಿ ಮರ ಚುರುಕಾದ ದನಿ ಕೊಡುತ್ತದೆ, ಟೊಳ್ಳು ಡೋಲಿನ ಹಾಗೆ ಕೇಳಿಸುತ್ತದೆ. ಟೊಳ್ಳು ಇದ್ದ ಮಾತ್ರಕ್ಕೆ ಮರ ಹೋಯಿತೆಂದಲ್ಲ. ಒಳಗಿನ ಚೇಗು ಸತ್ತ ಭಾಗವೇ, ಕೊಳವೆಯಂತೆ ಸುತ್ತಲಿನ ಗಟ್ಟಿ ಗೋಡೆ ಮರವನ್ನು ಹೊರುತ್ತದೆ. ಆ ಗೋಡೆ ಕಾಂಡದ ತ್ರಿಜ್ಯದ ಮೂರನೆಯ ಒಂದು ಭಾಗದಷ್ಟಾದರೂ ದಪ್ಪವಿರಬೇಕು ಎಂಬುದು ರೂಢಿಯ ಲೆಕ್ಕ. 60 ಸೆಂ.ಮೀ. ವ್ಯಾಸದ ಕಾಂಡಕ್ಕೆ ಸುತ್ತಲೂ 10 ಸೆಂ.ಮೀ. ಬೇಕು. ಗೋಡೆಯ ಒಂದು ಬದಿ ಬಾಯಿಬಿಟ್ಟು ಪೊಟರೆಯಾಗಿದ್ದರೆ ಈ ಲೆಕ್ಕವನ್ನು ನಂಬಬೇಡಿ. ಬಾಯಿ ಸುತ್ತಳತೆಯ ಮೂರನೆಯ ಒಂದು ಭಾಗ ಮುಟ್ಟಿದ್ದರೆ ತಜ್ಞರನ್ನು ಕರೆಸುವ ಹೊತ್ತು ಬಂದಿದೆ.

ಪೊಟರೆಗೆ ಸಿಮೆಂಟು ತುಂಬುವ ಹಳೆಯ ಪದ್ಧತಿ ಇನ್ನೂ ಹೋಗಿಲ್ಲ, ಹೋಗಬೇಕು. ಮರ ಗಾಳಿಗೆ ಬಾಗುತ್ತದೆ, ಸಿಮೆಂಟು ಬಾಗದು. ನಡುವೆ ಬಿರುಕು ಬಿಟ್ಟು ನೀರು ಒಳಗಿಳಿದು ಅಲ್ಲೇ ಕೂರುತ್ತದೆ, ಕೊಳೆತ ಹೊರಗೆ ಕಾಣುವುದೂ ಇಲ್ಲ. ನೀರು ಬಸಿಯಲೆಂದು ತೂತು ಕೊರೆಯುವುದೂ ತಪ್ಪು. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ 1970ರ ದಶಕದಲ್ಲಿ ತೋರಿಸಿಕೊಟ್ಟಂತೆ, ಮರ ಗಾಯವನ್ನು ನಮ್ಮ ಚರ್ಮದಂತೆ ಮಾಯಿಸುವುದಿಲ್ಲ. ಕೊಳೆತ ಭಾಗದ ಸುತ್ತ ಒಳಗೇ ಗೋಡೆ ಎಬ್ಬಿಸಿ ಅದನ್ನು ಬೇರ್ಪಡಿಸುತ್ತದೆ. ಕೊರೆಯುವವರು ಆ ಗೋಡೆಯನ್ನೇ ಒಡೆಯುತ್ತಾರೆ. ಪೊಟರೆಯಲ್ಲಿ ಸೇರಿದ ಒದ್ದೆ ಕಸವನ್ನು ಕೈಯಿಂದ ತೆಗೆದು ಬಿಟ್ಟುಬಿಡಿ, ಕೆರೆಯಬೇಡಿ.

ಬುಡದಲ್ಲಿ ಅಥವಾ ಮೇಲೆದ್ದ ಬೇರಿನ ಮೇಲೆ ಅರೆಚಂದ್ರದಾಕಾರದ ಗಟ್ಟಿ ಅಣಬೆ ಮೂಡಿದರೆ ಅದು ಗಂಭೀರ. ಕೆಂಗಂದು ಬಣ್ಣದ, ಮೆರುಗೆಣ್ಣೆ ಬಳಿದಂತೆ ಹೊಳೆಯುವ ಗ್ಯಾನೊಡರ್ಮಾ ಬೇರು ಮತ್ತು ಬುಡವನ್ನು ಒಳಗಿನಿಂದ ಕೊಳೆಸುತ್ತದೆ. ಎಲೆಗಳು ಹಸಿರಾಗಿ ನಳನಳಿಸುತ್ತಿರುವಾಗಲೇ ಮರ ಉರುಳಬಹುದು. ಅಣಬೆ ಕಿತ್ತರೆ ರೋಗ ಹೋಗದು, ಗುರುತು ಮಾತ್ರ ಹೋಗುತ್ತದೆ. ದಿನಾಂಕ ಸಹಿತ ಫೋಟೊ ತೆಗೆದಿಟ್ಟು ತಪಾಸಣೆ ಮಾಡಿಸಿ. ಬುಡದಿಂದ ದೂರ, ಹುಲ್ಲಿನಲ್ಲಿ ಏಳುವ ಮೆದು ನಾಯಿಕೊಡೆಗಳು ಬಹುತೇಕ ನಿರುಪದ್ರವಿಗಳು.

ತೊಗಟೆಯಿಂದ ಅಂಟು ಅಥವಾ ಕಪ್ಪು ರಸ ಸೋರುತ್ತಿದ್ದರೆ, ಒಣಹವೆ ಇರುವ ದಿನ ನೋಡಿ ಸತ್ತ ತೊಗಟೆಯನ್ನು ಚೂಪು ಚಾಕುವಿನಿಂದ ಜೀವಂತ ಅಂಚಿನವರೆಗೆ ಸವರಿ ಬೋರ್ಡೊ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ. ಸುಣ್ಣ ಆರಿದ ಮೇಲೆ ಮೈಲುತುತ್ತದ ನೀರನ್ನು ಅದಕ್ಕೆ ನಿಧಾನವಾಗಿ ಸುರಿಯುತ್ತ ಕಲಕಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಇರಲಿ, ಕಬ್ಬಿಣದ್ದಾಗಲಿ ತಗಡಿನದ್ದಾಗಲಿ ಕೂಡದು. ಹೊಳೆಯುವ ಚಾಕುವಿನ ತುದಿಯನ್ನು ಅದರಲ್ಲಿ ಒಂದು ನಿಮಿಷ ಅದ್ದಿ ನೋಡಿ, ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಅಂದು ಮಾಡಿದ್ದು ಅಂದೇ ಬಳಸಬೇಕು. ಕೈಗವಸು, ಕನ್ನಡಕ ಮರೆಯದಿರಿ. ತಾಮ್ರ ಮೀನಿಗೆ ವಿಷ, ಉಳಿದದ್ದನ್ನು ಬಾವಿ, ಕೊಳದ ಹತ್ತಿರ ಚೆಲ್ಲಬೇಡಿ.

ಈಗ ಗರಗಸ

ಮಳೆಯ ನಡುವೆ ಹಸಿ ಕೊಂಬೆ ಕತ್ತರಿಸಬಾರದು. ಗಾಳಿಯಲ್ಲೂ ನೀರಿನಲ್ಲೂ ಶಿಲೀಂಧ್ರದ ಬೀಜಕಣಗಳು ತುಂಬಿರುವ ಕಾಲ ಅದು. ಒಣ ಕೊಂಬೆಯನ್ನು ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು, ಮೊದಲು ತೆಗೆಯಬೇಕಾದದ್ದೂ ಅದೇ. ಕೆಲಸ ಶುರುಮಾಡುವ ಮೊದಲು ಮರ ಕಡಿತಕ್ಕೆ ನಿಮ್ಮ ಕಡೆ ಅನುಮತಿ ಬೇಕೇ ಎಂದು ವಿಚಾರಿಸಿ.

ವರ್ಷಕ್ಕೆ ಹಂದರದ ಹತ್ತರಿಂದ ಹದಿನೈದು ಶೇಕಡಾ ಹಸಿರಿಗಿಂತ ಹೆಚ್ಚು ತೆಗೆಯಬೇಡಿ. ಬಲಿತ ಮರ ಎಲೆ ಕಳೆದುಕೊಂಡಷ್ಟೂ ಗಾಯ ಮುಚ್ಚುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಹತ್ತು ಸೆಂ.ಮೀ.ಗಿಂತ ದೊಡ್ಡ ಗಾಯ ಆದಷ್ಟು ತಪ್ಪಿಸಿ.

ಕೊಂಬೆ ಕಾಂಡಕ್ಕೆ ಕೂಡುವಲ್ಲಿ ಉಂಗುರದಂತೆ ಉಬ್ಬಿದ ಭಾಗವಿರುತ್ತದೆ, ಅದನ್ನು ಕೊರಳು ಎನ್ನೋಣ. ಗೋಡೆ ಎಬ್ಬಿಸುವ ಜೀವಕೋಶಗಳು ಇರುವುದು ಅಲ್ಲೇ. ದಪ್ಪ ಕೊಂಬೆಯನ್ನು ಮೂರು ಹಂತದಲ್ಲಿ ತೆಗೆಯಿರಿ:

1. ಕಾಂಡದಿಂದ 30 ಸೆಂ.ಮೀ. ಆಚೆ, ಕೊಂಬೆಯ ಅಡಿಯಿಂದ ಮೇಲಕ್ಕೆ, ದಪ್ಪದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಕೊಯ್ಯಿರಿ. ಇದನ್ನು ಬಿಟ್ಟರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಉದ್ದಕ್ಕೆ ಸಿಗಿದುಕೊಂಡೇ ಹೋಗುತ್ತದೆ.
2. ಅದಕ್ಕಿಂತ ಮೂರು ನಾಲ್ಕು ಸೆಂ.ಮೀ. ಹೊರಗೆ ಮೇಲಿನಿಂದ ಕೊಯ್ದು ಕೊಂಬೆ ಇಳಿಸಿ.
3. ಉಳಿದ ಮೋಟನ್ನು ಕೈಯಲ್ಲಿ ಹಿಡಿದು, ಕೊರಳಿನ ಸ್ವಲ್ಪ ಹೊರಗೆ, ಕೊರಳಿಗೆ ತಾಗದಂತೆ ಕತ್ತರಿಸಿ. ನಯವಾಗಿ ಕಾಣಲೆಂದು ಕಾಂಡದ ಮಟ್ಟಕ್ಕೆ ಸವರಿದರೆ ಕೊರಳು ಹೋಯಿತು. ಗೇಣುದ್ದದ ಮೋಟು ಬಿಟ್ಟರೆ ಅದು ಕೊಳೆತು ಒಳಕ್ಕೆ ದಾರಿಯಾಗುತ್ತದೆ.

ಕೊಯ್ದ ಜಾಗಕ್ಕೆ ಡಾಂಬರು, ಬಣ್ಣ ಬಳಿಯುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ. ಹಣ್ಣಿನ ಮರಗಳಿಗೆ ಬೋರ್ಡೊ ಹಚ್ಚುವ ರೂಢಿಯಿದೆ, ಮೊದಲ ಕೆಲವು ವಾರ ಒಂದಿಷ್ಟು ಕಾವಲು ಸಿಗುತ್ತದೆ, ಆಮೇಲೆ ಮಳೆ ತೊಳೆಯುತ್ತದೆ. ತಪ್ಪಾಗಿ ಕೊಯ್ದದ್ದನ್ನು ಅದು ಸರಿಮಾಡದು. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಗರಗಸವನ್ನು 70 ಶೇಕಡಾ ಆಲ್ಕೊಹಾಲ್‌ನಿಂದ ಒರೆಸಿ.

ಉದ್ದ ಕಡಿಮೆ ಮಾಡಬೇಕಿದ್ದರೆ ಕತ್ತರಿಸುವ ಕೊಂಬೆಯ ಮೂರನೆಯ ಒಂದು ಭಾಗದಷ್ಟಾದರೂ ದಪ್ಪವಿರುವ ಪಕ್ಕದ ರೆಂಬೆಯವರೆಗೆ ಮಾತ್ರ ಹಿಂದೆ ಬನ್ನಿ. ನೆತ್ತಿಯನ್ನೇ ಬೋಳಿಸುವುದು, ಅಂದರೆ ಎತ್ತರ ಕಂಡು ಹೆದರಿ ಅರ್ಧಕ್ಕೆ ಕಡಿಯುವುದು, ಅಪಾಯವನ್ನು ಮುಂದೂಡಿ ದೊಡ್ಡದು ಮಾಡಿದಂತೆ. ಮೋಟಿನಿಂದ ನುಗ್ಗುವ ಚಿಗುರುಗಳು ತೊಗಟೆಯಡಿ ಮೇಲುಮೇಲೆ ಅಂಟಿಕೊಂಡಿರುತ್ತವೆ, ಬೇಗ ಬೆಳೆದು ಭಾರವಾಗಿ, ಕೊಳೆತ ಮೋಟಿನಿಂದ ಕಳಚಿ ಬೀಳುತ್ತವೆ. ಗಾಳಿ ಹಾಯಲೆಂದು ಒಳಗಿನ ರೆಂಬೆಗಳನ್ನೆಲ್ಲ ತೆಗೆದು ತುದಿಯಲ್ಲಿ ಕುಚ್ಚು ಉಳಿಸುವುದೂ ಅದೇ ಜಾತಿಯ ತಪ್ಪು: ಭಾರವೆಲ್ಲ ತುದಿಗೆ ಸೇರಿ ಕೊಂಬೆ ನಡುವೆಯೇ ಮುರಿಯುತ್ತದೆ.

ಎರಡು ಸಮಾನ ಕಾಂಡಗಳು ಇಕ್ಕಟ್ಟಾದ ಕವಲಿನಲ್ಲಿ ಕೂಡಿ, ನಡುವೆ ತೊಗಟೆ ಒಳಮಡಚಿಕೊಂಡಿದ್ದರೆ ಅಲ್ಲಿ ಮರಕ್ಕೆ ಮರ ಬೆಸೆದಿರುವುದಿಲ್ಲ. ಒಂದು ಕಾಂಡದ ಉದ್ದವನ್ನು ಎರಡು ಮೂರು ವರ್ಷಗಳಲ್ಲಿ ಹಂತಹಂತವಾಗಿ ತಗ್ಗಿಸಿ, ಅಥವಾ ಕವಲಿನಿಂದ ತುದಿಯವರೆಗಿನ ಎತ್ತರದ ಮೂರನೆಯ ಎರಡು ಭಾಗದಲ್ಲಿ ನುರಿತವರಿಂದ ಕೇಬಲ್ ಕಟ್ಟಿಸಿ. ತಂತಿಯನ್ನು ಕಾಂಡಕ್ಕೆ ಸುತ್ತಿ ಬಿಗಿಯುವುದು ಮಾತ್ರ ಬೇಡ, ವರ್ಷ ಕಳೆದಂತೆ ಅದು ಉರುಳಾಗುತ್ತದೆ.

ಮಣಿಕಟ್ಟಿಗಿಂತ ದಪ್ಪದ, ತಲೆಯ ಮಟ್ಟಕ್ಕಿಂತ ಮೇಲಿನ ಕೊಂಬೆ ಮನೆಯವರ ಕೆಲಸವಲ್ಲ. ಏಣಿಯ ಮೇಲೆ ನಿಂತು ಯಂತ್ರದ ಗರಗಸ ಹಿಡಿಯಬಾರದು. ವಿದ್ಯುತ್ ತಂತಿಯ ಮೂರು ಮೀಟರಿನೊಳಗೆ ಕೊಂಬೆ ಇದ್ದರೆ ವಿದ್ಯುತ್ ಇಲಾಖೆಯವರಿಗೇ ಬಿಡಿ.

ಹತ್ತಿಕೊಂಡವರು

ಪಾಚಿ, ಕಲ್ಲುಹೂವು ತೊಗಟೆಯ ಮೇಲೆ ಕೂತಿದ್ದಕ್ಕೆ ಮರಕ್ಕೇನೂ ಆಗದು, ಉಜ್ಜಿ ತೆಗೆಯುವ ಶ್ರಮ ವ್ಯರ್ಥ. ಬಂದಳಿಕೆ ಹಾಗಲ್ಲ. ಅದರ ಹೀರುಬೇರು ಕೊಂಬೆಯೊಳಗೆ ಇಳಿದಿರುತ್ತದೆ, ಅಂಟಿದ ಜಾಗಕ್ಕಿಂತ ಕನಿಷ್ಠ 30 ಸೆಂ.ಮೀ. ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಕವಲಿನ ಸಂದಿಯಲ್ಲಿ ಮೊಳೆತ ಆಲ, ಅತ್ತಿ ಜಾತಿಯ ಸಸಿಯನ್ನು ಪೆನ್ಸಿಲ್ ದಪ್ಪ ಇರುವಾಗಲೇ ಕಿತ್ತುಬಿಡಿ. ಬೇರು ನೆಲ ಮುಟ್ಟಿತೆಂದರೆ ಮರದ ಯಜಮಾನ ಬದಲಾಗುತ್ತಾನೆ. ಬಳ್ಳಿಗಳನ್ನು ಬುಡದಿಂದ ಒಂದೂವರೆ ಮೀಟರಿನವರೆಗೆ ತೆರವು ಮಾಡಿ, ಮುಖ್ಯವಾಗಿ ತೊಗಟೆ ಕಣ್ಣಿಗೆ ಕಾಣಲೆಂದು. ಗೆದ್ದಲಿನ ಮಣ್ಣು ಉಜ್ಜಿ ಕೆಳಗಿನ ತೊಗಟೆ ತಟ್ಟಿ ನೋಡಿ. ಗರಗಸದ ಹುಡಿಯಂಥದ್ದು ತಾಜಾ ಉದುರುತ್ತಿದ್ದರೆ ಕಾಂಡಕೊರಕ ಇದೆ, ತೂತಿಗೆ ತಂತಿ ತೂರಿಸಿ ಹುಳು ಎಳೆದು ಹಸಿಮಣ್ಣು ಮೆತ್ತಿ.

ಮಳೆ ಹಿಡಿದ ಮೇಲೆ

ಮರ ವಾಲಿದೆಯೋ ಇಲ್ಲವೋ ಎಂದು ಮಳೆಯಲ್ಲಿ ನಿಂತು ವಾದಿಸಿ ಪ್ರಯೋಜನವಿಲ್ಲ. ಮಳೆಗೆ ಮೊದಲೇ, ಮನೆಯ ಗೋಡೆಯ ಮೂಲೆ ಚೌಕಟ್ಟಿನಲ್ಲಿ ಬರುವಂತೆ, ಎರಡು ದಿಕ್ಕಿನಿಂದ ಒಂದೊಂದು ಫೋಟೊ ತೆಗೆದು ನಿಂತ ಜಾಗಕ್ಕೆ ಗೂಟ ಹೊಡೆದಿಡಿ. ಪ್ರತಿ ದೊಡ್ಡ ಮಳೆಯ ನಂತರ ಅಲ್ಲಿಂದಲೇ ಮತ್ತೆ ತೆಗೆದು ಹೋಲಿಸಿ. ಎಳವೆಯಲ್ಲೇ ವಾಲಿ ಆಮೇಲೆ ನೆತ್ತಿ ನೇರ ಮಾಡಿಕೊಂಡ ಮರದ ಕಾಂಡ ಬಿಲ್ಲಿನಂತೆ ಬಾಗಿರುತ್ತದೆ, ಅದು ಅಷ್ಟಾಗಿ ಹೆದರಿಸುವಂಥದ್ದಲ್ಲ. ನಿನ್ನೆ ಇಲ್ಲದ ವಾಲು ಇಂದು ಕಂಡರೆ, ವಾಲಿದ ದಿಕ್ಕಿನ ಹಿಂದೆ ನೆಲದಲ್ಲಿ ಕಮಾನಿನಾಕಾರದ ಬಿರುಕು ಮೂಡಿದ್ದರೆ, ಗಾಳಿ ಬೀಸಿದಾಗ ಬುಡದ ಮಣ್ಣು ಉಸಿರಾಡುವಂತೆ ಏರಿಳಿಯುತ್ತಿದ್ದರೆ ಮನೆಯ ಆ ಬದಿಯ ಕೋಣೆಗಳನ್ನು ಖಾಲಿ ಮಾಡಿ, ಮರ ಉರುಳಿದರೆ ಎಷ್ಟು ದೂರ ಬಂದೀತೋ ಅದರಾಚೆ ನಿಂತು ಸಹಾಯಕ್ಕೆ ಕರೆ ಮಾಡಿ. ಬಲಿತ ಮರವನ್ನು ಹಗ್ಗ ಹಾಕಿ ಎಳೆದು ನಿಲ್ಲಿಸುವ ಪ್ರಯತ್ನ ಬೇಡ, ಹರಿದ ಬೇರು ಮತ್ತೆ ಹಿಡಿಯುವುದಿಲ್ಲ.

ತಂತಿಯ ಮೇಲೆ ಕೊಂಬೆ ಬಿದ್ದಿದ್ದರೆ ಹತ್ತು ಮೀಟರ್ ಆಚೆಯೇ ಇರಿ. ಒದ್ದೆ ಮರದಲ್ಲೂ ಒದ್ದೆ ನೆಲದಲ್ಲೂ ವಿದ್ಯುತ್ ಹರಿಯುತ್ತದೆ. ಮುರಿದು ಮೇಲೆ ಸಿಕ್ಕಿಕೊಂಡ ಕೊಂಬೆಯಡಿ ಹಾಯಬೇಡಿ, ಅದು ವಾರ ಬಿಟ್ಟು ಬೀಳಲೂಬಹುದು. ಉರುಳಿದ ಮರವನ್ನು ತುಂಡು ಮಾಡುವಾಗ ಬೇರೆದ್ದ ಗುಂಡಿಯೊಳಗೆ ಯಾರೂ, ಅದರಲ್ಲೂ ಮಕ್ಕಳು, ಇಳಿಯದಂತೆ ನೋಡಿಕೊಳ್ಳಿ: ಮೇಲಿನ ಕಾಂಡದ ಭಾರ ಕಳಚಿದ ಕ್ಷಣಕ್ಕೆ ಬೇರಿನ ಮುದ್ದೆ ಥಟ್ಟನೆ ತಿರುಗಿ ಗುಂಡಿಗೇ ಕೂರುತ್ತದೆ.